ಟೂ ಕ್ಲಬ್ಸ್‌ಗೆ ಪಾಸ್

ಭಾನುವಾರ ಸಂಜೆ ಏಳೂ ನಲವತ್ತಕ್ಕೆ ಇಸ್ಪೀಟು ಕ್ಲಬ್ಬಿನ ಕಾರ್ಯದರ್ಶಿ ಠಾಣೆಗೆ ಬಂದು ದೂರು ಕೊಟ್ಟರು. ಬ್ರಿಡ್ಜ್ ಆಡಿ ಎದ್ದ ದಂತವೈದ್ಯರನ್ನು ಯಾರೋ ಹಿಂದಿನಿಂದ ಮೆಟ್ಟಿಲ ಮೇಲಿಂದ ನೂಕಿದ್ದರು, ಬಲಗೈ ಮುರಿದಿತ್ತು. ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆ ಹೆಚ್ಚೇನೂ ಸಿಗಲಿಲ್ಲ. ಮೆಟ್ಟಿಲು ಒಣಗಿತ್ತು, ದೀಪ ಉರಿಯುತ್ತಿತ್ತು. ಕೆಳಗಿದ್ದ ಕಾವಲುಗಾರ ಬೆನ್ನ ಮೇಲೆ ಬಿದ್ದ ಕೈಗಳನ್ನು ಕಂಡಿದ್ದ, ಮುಖ ಕಂಡಿರಲಿಲ್ಲ.

ಆಸ್ಪತ್ರೆಯಲ್ಲಿ ದಂತವೈದ್ಯರು, "ಯಾರು ಅಂತ ನೋಡ್ಲಿಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಇನ್‌ಸ್ಪೆಕ್ಟರ್ ಕ್ಲಬ್ಬಿಗೆ ಹೋದಾಗ ಮೇಜಿನ ಸುತ್ತ ಉಳಿದ ಮೂವರಿದ್ದರು: ನಿವೃತ್ತ ಹೆಡ್‌ಮಿಸ್ಟ್ರೆಸ್, ಔಷಧಿ ಅಂಗಡಿಯವರು, ಮತ್ತು ದಂತವೈದ್ಯರ ತಮ್ಮ. ಆಟದಲ್ಲಿ ಅಣ್ಣನಿಗೆ ಅವನೇ ಜೊತೆಗಾರ.

"ಜಗಳ ಆಯ್ತಾ?"

"ಇಲ್ಲಪ್ಪ. ಇವರು ಟೂ ಕ್ಲಬ್ಸ್‌ಗೆ ಪಾಸ್ ಅಂದ್ರು, ಅಷ್ಟೆ," ಹೆಡ್‌ಮಿಸ್ಟ್ರೆಸ್ ತಮ್ಮನತ್ತ ಕೈ ತೋರಿಸಿದರು.

"ಅಂದ್ರೆ?"

"ಡಾಕ್ಟರು ಎರಡು ಕಳಾವರ್ ಅಂತ ಕೂಗಿದ್ರು. ಅವರ ಕೈಲಿ ಕಳಾವರ್ ಇರಲೇ ಇಲ್ಲ."

"ಸುಳ್ಳು ಹೇಳಿದ್ರಾ?"

"ಸುಳ್ಳಲ್ಲ ರೀ! ಅದು ಸಂಕೇತ. ನನ್ನ ಕೈ ಭಾರಿ ಇದೆ, ನೀನು ಬಾಯಿ ಬಿಡಲೇಬೇಕು ಅಂತ. ಜೊತೆಗಾರ ಕಡೇಪಕ್ಷ ಟೂ ಡೈಮಂಡ್ಸ್ ಅನ್ನಬೇಕು."

"ಡೈಮಂಡ್ ಇದ್ರೆ?"

"ಇಲ್ಲದಿದ್ರೂ!"

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಇವರು ಇಲ್ಲದ್ದನ್ನ ಇದೆ ಅಂತಾರೆ, ಅವರು ಇಲ್ಲದ್ದನ್ನೇ ಉತ್ತರ ಕೊಡ್ತಾರೆ. ತಲೆ ಚಿಟ್ಟು ಹಿಡೀತಿದೆ ತಾಯಿ."

"ಸರ್, ನಮ್ಮನೇಲೂ ಹೀಗೇ," ಎಂದ ಪಕ್ಕದಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್. "'ಏನೂ ಇಲ್ಲ ಬಿಡಿ' ಅಂದ್ರೆ ಏನಾಯ್ತು ಅಂತ ಕೇಳ್ಲೇಬೇಕು."

"ನೀನು ಸುಮ್ನೆ ಬರಿ."

"ಪಾಸ್ ಅಂದ್ರೆ ಕೂಗು ಅಲ್ಲಿಗೇ ಮುಗೀತು, ಕೈಲಿಲ್ಲದ ಕಳಾವರ್‌ನಲ್ಲೇ ಆಡಬೇಕು," ಎಂದರು ಔಷಧಿ ಅಂಗಡಿಯವರು. "ಎಲ್ಲ ಪಟ್ಟೂ ಬಾಚ್ಕೊಳ್ಳೋ ಕೈ, ಮಣ್ಣುಪಾಲು! ಅವರಿಬ್ಬರೂ ಎದ್ದು ಹೋದ್ರು. ನಾವಿಬ್ರು ಇಲ್ಲೇ ಕೂತು ಅದನ್ನೇ ಆಡ್ಕೊಳ್ತಿದ್ವಿ."

"ಮರೆತಿರಬೇಕು, ಪಾಪ," ಎಂದರು ಇನ್‌ಸ್ಪೆಕ್ಟರ್.

"ಮರೆಯೋದಾ? ನಮಗೆಲ್ಲ ಅದನ್ನ ಹೇಳಿಕೊಟ್ಟೋರೇ ಇವರು," ಎಂದರು ಹೆಡ್‌ಮಿಸ್ಟ್ರೆಸ್.

ಇನ್‌ಸ್ಪೆಕ್ಟರ್ ತಮ್ಮನೊಬ್ಬನನ್ನು ಬಿಟ್ಟು ಉಳಿದವರನ್ನು ಹೊರಗೆ ಕಳಿಸಿದರು.

"ಬೇಕಂತ್ಲೇ ಪಾಸ್ ಅಂದ್ರಿ. ಅಣ್ಣ ಏನಂದ್ರು?"

"ಏನೂ ಅನ್ಲಿಲ್ಲ."

"ಬೈಲಿಲ್ವಾ?"

"ಅದೇ ಸರ್. ಬೈಲಿಲ್ಲ." ಅವನು ಎಲೆಗಳನ್ನು ಸುಮ್ಮನೆ ಜೋಡಿಸಿದ. "ಅಮ್ಮ ಹೋದಾಗಿಂದ ಒಂದೇ ಮನೇಲಿದ್ರೂ ನನ್ನ ಜೊತೆ ಮಾತಿಲ್ಲ. ಆಸ್ಪತ್ರೆಗೆ ತಡ ಮಾಡಿ ಕರ್ಕೊಂಡು ಹೋದೆ ಅಂತ ಇರಬೇಕು. ಅದನ್ನೂ ಹೇಳಿಲ್ಲ. ಇಲ್ಲಿ ಮಾತ್ರ ಮಾತು, ಅದೂ ಒನ್ ಸ್ಪೇಡ್, ಟೂ ಹಾರ್ಟ್ಸ್. ಅಂಥ ಕೈ ಹಾಳು ಮಾಡಿದ್ರೆ ಕತ್ತೆ ಅಂತಾದ್ರೂ ಅಂತಾನೆ ಅಂದ್ಕೊಂಡೆ. ಎಲೆ ಇಟ್ಟು ಎದ್ದ. ಮೆಟ್ಟಿಲ ಹತ್ರ ಅಣ್ಣಾ ಅಂತ ಕರೆದೆ. ತಿರುಗಲಿಲ್ಲ. ಕೈ ಹೋಗ್ಬಿಡ್ತು."

ಒಂಬತ್ತೂವರೆಗೆ ಅವನನ್ನು ಬಂಧಿಸಿ ಠಾಣೆಗೆ ಕರೆತಂದರು. ಕಾನ್‌ಸ್ಟೇಬಲ್ ಕಾರಣದ ಜಾಗದಲ್ಲಿ 'ಇಸ್ಪೀಟಿನ ಜಗಳ' ಎಂದು ಬರೆದಿದ್ದ. ಇನ್‌ಸ್ಪೆಕ್ಟರ್ 'ಜಗಳ'ವನ್ನು ಹೊಡೆದುಹಾಕಿದರು. ಬದಲಿಗೆ ಏನು ಬರೆಯಬೇಕೆಂದು ಹೊಳೆಯಲಿಲ್ಲ.

ಬಂಧನದ ವಿಷಯವನ್ನು ಹತ್ತಿರದ ಬಂಧುವಿಗೆ ತಿಳಿಸಲೇಬೇಕಿತ್ತು. ಇದ್ದವರು ದಂತವೈದ್ಯರೊಬ್ಬರೇ. ಫೋನಿನಲ್ಲಿ ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಹಲೋ, ಇದೀರಾ?"

"ಅವನು ಊಟ ಮಾಡಿದ್ನಾ, ಕೇಳಿ."

ಇನ್‌ಸ್ಪೆಕ್ಟರಿಗೆ ರೇಗಿಹೋಯಿತು. "ನೀವೇ ಕೇಳ್ರೀ!" ಎಂದು ಫೋನನ್ನು ತಮ್ಮನ ಕೈಗೆ ತುರುಕಿದರು.

ಅವನು ಅದನ್ನು ಕಿವಿಗೆ ಒತ್ತಿ ಹಿಡಿದು ನಿಂತ. ಎರಡೂ ಕಡೆ ಮಾತಿರಲಿಲ್ಲ. ಆದರೆ ಯಾರೂ ಫೋನ್ ಇಡಲಿಲ್ಲ.