ಹಡಗಿನವನು ಇಳಿದ ಹಗೇವು

ಯುವರಾಜನನ್ನು ಮಣ್ಣು ಮಾಡಿದ ಮೂರನೆಯ ದಿನ ಅವನ ಹೆಂಡತಿ ರೇಣುಕಾ ಯಂಕಂಚಿಯಿಂದ ಸಿಂದಗಿಗೆ ಬಂದು ಹನಮವ್ವ ಸಿಸ್ಟರ್ ಮನೆಯ ಕಟ್ಟೆಯ ಮೇಲೆ ಕುಳಿತಳು. ಸಿಸ್ಟರ್ ಮೂವತ್ತು ವರ್ಷ ನರ್ಸ್ ಆಗಿದ್ದವರು. ನಿವೃತ್ತರಾದ ಮೇಲೆ ಪೊಲೀಸರು ಮುಚ್ಚಿದ ಪ್ರಕರಣಗಳಲ್ಲಿ ಮೂಗು ತೂರಿಸುವುದೇ ಅವರ ಚಟ. ಅವರನ್ನು ಊರೂರು ಸುತ್ತಿಸಿ ಬೈಸಿಕೊಳ್ಳುವ ಆಟೋದವನು ನಾನು, ಗುರಪ್ಪ.

"ನಮ್ಮತ್ತಿ ಮೂರ ದಿನದಿಂದ ತುತ್ತ ಮುಟ್ಟಿಲ್ರಿ," ಎಂದಳು ರೇಣುಕಾ. "ಹಗೇವಿನ ಜ್ವಾಳ ತಗಿ ಅಂತ ಹೇಳಿದಾಕಿ ನಾನ, ನನ್ನ ಮಗನ್ನ ನಾನ ಕೊಂದೆ ಅಂತಾರ. ಹಿಂಗಾದ್ರ ಅವರೂ ಉಳಿಯಂಗಿಲ್ಲ. ಆದ್ರ ನನ್ನ ಗಂಡ ಹಂಗ ಸಾಯೋ ಮನಷ್ಯಾ ಅಲ್ರಿ."

ಹಗೇವು ಎಂದರೆ ಜೋಳ ತುಂಬಿಡುವ, ನೆಲದೊಳಗಿನ ಗುಂಡಿ. ಬಾಯಿ ಒಬ್ಬರು ನುಸುಳುವಷ್ಟೇ, ಅದಕ್ಕೆ ಕಲ್ಲು ಮುಚ್ಚಿರುತ್ತಾರೆ. ಒಳಗೆ ಎರಡಾಳು ಆಳ. ಮುಚ್ಚಿಟ್ಟ ಕಾಳು ಒಳಗಿನ ಗಾಳಿಯನ್ನು ಕೆಡಿಸುತ್ತದೆ. ತೆರೆದ ಕೂಡಲೇ ಇಳಿದವನು ಬದುಕುವುದಿಲ್ಲ. ಪೊಲೀಸರು ಅದನ್ನೇ ಬರೆದು ಕೈತೊಳೆದುಕೊಂಡಿದ್ದರು.

"ನಿನ್ನ ಗಂಡ ಏನ್ ಕೆಲಸ ಮಾಡ್ತಿದ್ದ?"

ಅವಳು ಮೊಬೈಲಿನಲ್ಲಿ ಬಿಳಿಯ ಪ್ರವಾಸಿ ಹಡಗೊಂದನ್ನು ತೋರಿಸಿದಳು. ಇಪ್ಪತ್ತು ಅಂತಸ್ತು, ಆರು ಸಾವಿರ ಮಂದಿ. ನಮ್ಮ ಝಳಕಿಯಂಥ ಊರನ್ನು ಎತ್ತಿ ನೀರಿನ ಮೇಲೆ ಇಟ್ಟಂತಿತ್ತು.

"ಮ್ಯಾಲ ಈಜೋ ಹೊಂಡ, ಸಿನಿಮಾ, ತ್ವಾಟ. ಇವರು ಎಲ್ಲಾರಕಿಂತ ತಳಗ. ಅಷ್ಟ ಎತ್ತರದ ಹಡಗ ಮಗ್ಗಲಿಗೆ ವಾಲಬಾರದಂತ ತಳದಾಗ ಸಮುದ್ರದ ನೀರಿನ ಟ್ಯಾಂಕ್ ಇರ್ತಾವಂತ್ರಿ. ಖಾಲಿ ಟ್ಯಾಂಕಿನಾಗ ಇಳದು ತುಕ್ಕ ಕೆರಿಯೋದು ಇವರ ಕೆಲಸ. ದಿನಗಟ್ಟಲೆ ಬಿಸಿಲ ಕಾಣ್ತಿರಲಿಲ್ಲ."

ಸಿಸ್ಟರ್ ಮುಂದೆ ಬಾಗಿದರು. "ಅಲ್ಲಿನೂ ಗಾಳಿ ಕೆಟ್ಟಿರಬೇಕಲ್ಲ?"

"ಹೌದ್ರಿ, ತುಕ್ಕ ಗಾಳಿ ತಿಂತೈತಿ ಅಂತಿದ್ರು. ಅದಕ್ಕ ನೇಮ ಐತಿ. ಗಾಳಿ ಪರೀಕ್ಷೆ ಮಾಡಾಂವ ಒಬ್ಬ. ಅಂವ ಸಹಿ ಹಾಕಿದ ಮ್ಯಾಲ ನಡಕ್ಕ ಹಗ್ಗ ಕಟಗೊಂಡು ಇಳಿಯಾಂವ ಇನ್ನೊಬ್ಬ. ಹಗ್ಗದ ತುದಿ ಹಿಡದು ಬಾಯಿಗೆ ಒಬ್ಬ ನಿಂದ್ರಬೇಕು, ಒಳಗಿನಾಂವ ಹಗ್ಗ ಜಗ್ಗಿದ್ರ ಮ್ಯಾಲ ಎಳೀಬೇಕು. ಇವರು ಮನಿ ಬಾವಿಗೂ ಹಗ್ಗಿಲ್ದ ಇಳೀತಿರಲಿಲ್ಲ."

ಯಂಕಂಚಿಯಲ್ಲಿ ಯುವರಾಜನ ತಾಯಿ ರೇವವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮುಂದೆ ರೊಟ್ಟಿ ಒಣಗಿತ್ತು. ನನಗೆ ಆ ಮನೆಯಲ್ಲಿ ನಿಲ್ಲಲಾಗಲಿಲ್ಲ.

ನಮ್ಮನ್ನು ಹಗೇವಿನ ಹತ್ತಿರ ಕರೆದುಕೊಂಡು ಹೋದವನು ಸಂಗು, ಯುವರಾಜನ ಚಿಕ್ಕಪ್ಪನ ಮಗ. ತಬ್ಬಲಿಯಾದ ಅವನನ್ನು ಬೆಳೆಸಿದವಳು ರೇವವ್ವ. ಅವನಿಗೂ ಯುವರಾಜನೇ ಆ ಹಡಗಿನಲ್ಲಿ ಕೆಲಸ ಕೊಡಿಸಿದ್ದ. ಆದರೆ ಹೋದ ವರ್ಷ ಹಡಗಿನವರು ಸಂಗುವನ್ನು ನಡುದಾರಿಯಲ್ಲೇ ಮನೆಗೆ ಕಳಿಸಿದ್ದರು.

"ಮುಂಜಾನಿ ಆರಕ್ಕ ಸಿಂದಗಿಗೆ ಹೋಗಿದ್ನಿ," ಎಂದ ಸಂಗು. "ದೊಡ್ಡವ್ವ, ರೇಣುಕಾ ವೈನಿ ಹೊಲದಾಗಿದ್ರು. ಹನ್ನೆರಡಕ್ಕ ಬಂದ್ರ ಒಳಗ ನರಳೋ ಸಪ್ಪಳ. ಹಗ್ಗ ಹುಡುಕಾಕ ಹೊತ್ತ ಎಲ್ಲಿತ್ರಿ? ಜಿಗದು, ಹೆಗಲ ಮ್ಯಾಲ ಹೊತ್ತು ತಂದ್ನಿ. ಮ್ಯಾಲ ಬಂದ ಕೂಡಲೆ ಜೀವ ಹೋತು."

ಪಾಪ, ಎಂದುಕೊಂಡೆ ನಾನು. ಸಿಸ್ಟರ್ ಮಾತ್ರ ಹಗೇವಿನ ಬಾಯನ್ನು ಗೇಣು ಹಾಕಿ ಅಳೆಯುತ್ತಿದ್ದರು.

ಸಂಗು ಕೂಗಿದಾಗ ಮೊದಲು ಓಡಿ ಬಂದವರು ನೆರೆಮನೆಯ ಯಾಕೂಬಸಾಬ. "ಅವನ ಕೈ ಮಡಚಿ ಎದಿ ಮ್ಯಾಲ ಇಡಾಕ ನೋಡಿದ್ನಿ. ಬಾಗಲಿಲ್ರಿ, ಕಟಗಿ ಆಗಿತ್ತು," ಎಂದರು.

ಕೊಟ್ಟಿಗೆಯ ಗೂಟದಲ್ಲಿ ಒಂದು ಬಿಳಿ ನೈಲಾನ್ ಹಗ್ಗ ನೇತಾಡುತ್ತಿತ್ತು. ಸುತ್ತಿನ ಮೇಲೆ ಸುತ್ತು, ಒಂದೂ ಹೆಚ್ಚುಕಡಿಮೆ ಇಲ್ಲ. ರೇಣುಕಾ ಅದನ್ನು ನೋಡಿ ಬೆಚ್ಚಿದಳು. "ಇದು ಅವರ ಹಡಗಿನ ಹಗ್ಗ. ಅವತ್ತ ಮುಂಜಾನಿ ಪಡಸಾಲ್ಯಾಗಿತ್ರಿ." ಪಕ್ಕದಲ್ಲಿದ್ದ ಕಂದೀಲನ್ನು ಸಿಸ್ಟರ್ ಅಲುಗಾಡಿಸಿದರು. ಎಣ್ಣೆ ಇರಲಿಲ್ಲ, ಬತ್ತಿಯ ಮೇಲೆ ಜೇಡ ಬಲೆ ಕಟ್ಟಿತ್ತು.

ಮಧ್ಯಾಹ್ನ ಸಿಸ್ಟರ್ ಪಿಎಸ್ಐ ಸಾಹೇಬರನ್ನು ಕರೆಸಿ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದರು. ರೇವವ್ವನನ್ನೂ ಎಬ್ಬಿಸಿ ಗೋಡೆಗೆ ಒರಗಿಸಿದರು.

"ಸತ್ತವನ ಮೈ ಸೆಟಿಯಾಕ ತಾಸುಗಟ್ಟಲೆ ಬೇಕು. ಹನ್ನೆರಡಕ್ಕ ಜೀವ ಹೋಗಿದ್ರ, ಆಗ್ಲೇ ಬಂದ ಯಾಕೂಬಸಾಬರಿಗೆ ಕೈ ಬಾಗಬೇಕಿತ್ತು. ಯುವರಾಜ ಸತ್ತದ್ದು ಮುಂಜಾನಿ. ಎರಡನೇದು, ಈ ಬಾಯಾಗ ಒಬ್ಬನ ಹೆಗಲು ಹಿಡೀತೈತಿ. ಹೆಣ ಹೊತ್ತು ಬರಾಕ ಆಗಂಗಿಲ್ಲ. ಹಗ್ಗ ಹಾಕೇ ಮ್ಯಾಲ ಜಗ್ಗಿದ್ದು."

ಸಂಗು ನೆಲ ನೋಡುತ್ತಿದ್ದ.

"ಪಡಸಾಲಿ ಹಗ್ಗ ಯುವರಾಜನ ನಡದಾಗ ಹೋತು. ಅಂದ್ರ ಬಾಯಿಗೆ ಒಬ್ಬ ನಿಂತಿದ್ದ. ಆ ಕೆಲಸ ಗೊತ್ತಿದ್ದಾಂವನ್ನ ಮಾತ್ರ ಯುವರಾಜ ನಿಲ್ಲಸ್ತಿದ್ದ. ಹಗ್ಗ ತಿರುಗಿ ಹೋದದ್ದು ಕೊಟಗಿಗೆ, ಹಡಗಿನವರು ಸುತ್ತೋ ಹಂಗ. ಇನ್ನ ಗಾಳಿ ಪರೀಕ್ಷೆ. ನಮ್ಮ ಕಡೆ ಕಂದೀಲ ಇಳಿಬಿಟ್ಟು ಆರತೈತೇನು ನೋಡ್ತಾರ. ಈ ಕಂದೀಲ ಹಚ್ಚೇ ಇಲ್ಲ. ಪರೀಕ್ಷೆ ಆಗೇತಿ ಅಂತ ಯುವರಾಜಗ ಯಾರೋ ಸುಳ್ಳ ಹೇಳಿದ್ರು. ಸಂಗೂ, ಹಡಗಿನಿಂದ ನಿನ್ನ ಯಾಕ ಕಳಿಸಿದ್ರು?"

ಉತ್ತರಿಸಿದವಳು ರೇಣುಕಾ. "ಟ್ಯಾಂಕಿನ ಗಾಳಿ ನೋಡ್ದನ ಸಹಿ ಹಾಕಿದ್ದ. ಇಳದಾಂವ ಸಾಯೋದ್ರಾಗ ಉಳದ. ಅದನ್ನ ಹಡಗಿನ ಸಾಹೇಬರಿಗೆ ತಿಳಿಸಿದವರು ನನ್ನ ಗಂಡ."

"ಊರ ಮುಂದ ನನ್ನ ಮಾರಿ ತೋರಸದಂಗ ಮಾಡಿದ!" ಸಂಗು ತಲೆ ಎತ್ತಿದ. "ರಾತ್ರೀನ ಕಲ್ಲ ತಗದೇನಿ, ಕಂದೀಲ ಆರಲಿಲ್ಲ ಅಂತ ಹೇಳಿದ್ನಿ. ಖರೇ ಅಂದ್ರ ಆಗಷ್ಟ ತಗದಿದ್ನಿ. ನಂಬಿ ಇಳದ."

"ಹಗ್ಗ ಜಗ್ಗಿದನೇನು?" ರೇವವ್ವನ ದನಿ ಅದು, ಮೂರು ದಿನಗಳ ಮೇಲೆ ಮೊದಲ ಸಲ.

"ಮೂರ ಸಲ, ದೊಡ್ಡವ್ವ. ಹಿಡಕೊಂಡ ಕುಂತ್ನಿ. ನಾ ಜಿಗದೂ ಉಳದೆ ಅಂದ್ರ ಮಂದಿ ನಂಬಬೇಕಲ್ಲ, ಗಾಳಿ ತಿಳಿ ಆಗೋತನಕ ಕಾದು ಆಮ್ಯಾಲ ಜಗ್ಗಿದ್ನಿ."

ಪಿಎಸ್ಐ ಅವನ ರಟ್ಟೆ ಹಿಡಿದರು. ಸಿಸ್ಟರ್ ರೇವವ್ವನ ಪಕ್ಕ ಕುಳಿತು ಹೊಸ ರೊಟ್ಟಿ ಮುರಿದು ಅವಳ ಕೈಗಿಟ್ಟರು. "ಕೇಳಿದೇನವಾ? ನಿನ್ನ ಜ್ವಾಳದಿಂದ ಸಾಯಲಿಲ್ಲ ಅಂವ. ನಿಂದೇನೂ ತಪ್ಪಿಲ್ಲ, ಉಣ್ಣು."

ರೇವವ್ವ ಆ ತುತ್ತನ್ನು ಬಾಯಿಗೆ ಒಯ್ಯಲಿಲ್ಲ.

"ಜ್ವಾಳದ ಆಸೆ ಯಾರಿಗಿತ್ರಿ, ಸಿಸ್ಟರ್? ಅದು ಬರೇ ನೆವ. ವರ್ಷಾತು, ಇಬ್ರೂ ಮಾತ ಬಿಟ್ಟಿದ್ರು. ಅವತ್ತ ಹೊಲಕ್ಕ ಹೋಗೋ ಮುಂದ ಯುವರಾಜನ ಗದ್ದ ಹಿಡದು ಹೇಳಿದ್ನಿ, ಸಂಗೂನ ಬಾಯಿಗೆ ನಿಂದ್ರಸು, ಒಂದ ಹಗ್ಗ ಹಿಡದ್ರ ಮನಸ ಕೂಡ್ತಾವು ಅಂತ. ಯುವರಾಜ ನನ್ನ ಕರೀಲೇ ಇಲ್ಲ ಅಂತ ಸಂಗು ಅಂದ. ಅದನ್ನ ನಂಬಿದ್ನಿ."

ಅವಳು ತುತ್ತನ್ನು ತಟ್ಟೆಗೆ ಹಾಕಿ ಮತ್ತೆ ಗೋಡೆಯ ಕಡೆ ತಿರುಗಿದಳು. ಸಿಸ್ಟರ್ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಹಾಗೇ ಕುಳಿತರು. ಆ ದಿನ ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ.