ತೋಟ ಮಾರಿದ ಮಗ

"ಅಪ್ಪ ಹಾಸಿಗೆ ಹಿಡಿದಿದ್ದಾಗಲೇ ಮಗ ಈ ತೋಟ ಮಾರಿಬಿಟ್ಟ. ಆ ಕೊರಗಿನಲ್ಲೇ ಚಿತ್ರಗಾರ ಸೇತುರಾಮಯ್ಯನವರು ಜೀವ ಬಿಟ್ಟರು..."

ಕೋಕಿಲಾ ಇಷ್ಟು ಹೇಳಿ ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಬಸ್ಸಿನಲ್ಲಿ ಬಂದ ಹೆಂಗಸರೆಲ್ಲ ಲೊಚಗುಟ್ಟುತ್ತಿದ್ದರು.

"ಅಯ್ಯೋ ಪಾಪ! ಎಂಥಾ ಮಗನಪ್ಪಾ!"

ಆ ಭಾನುವಾರ ಮಾತ್ರ ಎಲ್ಲರ ಹಿಂದೆ ನಿಂತಿದ್ದ ಒಬ್ಬ ಎತ್ತರದ ಯುವಕ ಲೊಚಗುಟ್ಟಲಿಲ್ಲ. ಅವಳನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು!

ಕೋಕಿಲಾ ಅವನ ಹತ್ತಿರ ಬಂದಳು. ಗಂಡಸು ಹೀಗೆ ನಾಲ್ಕು ಜನರೆದುರು ಕಣ್ಣು ತುಂಬಿಕೊಳ್ಳುವುದನ್ನು ಅವಳು ಕಂಡಿರಲಿಲ್ಲ.

"ಏನಾಯ್ತು ಸಾರ್?"

"ಏನಿಲ್ಲ... ಚೆನ್ನಾಗಿ ಹೇಳಿದ್ರಿ." ಅಷ್ಟು ಹೇಳಿ ಅವನು ತೋಟದ ಬಾವಿಯ ಕಡೆ ತಿರುಗಿದ.

ಇದು ೧೯೭೪ರ ಮಾತು. ರಾಜಾಜಿನಗರದ ಒಂದು ಸಾಹಿತ್ಯ ಸಂಘದವರು ತಿಂಗಳಿಗೊಂದು ಭಾನುವಾರ ಬಸ್ಸು ಮಾಡಿಕೊಂಡು, ಊರಾಚೆಯ ಕವಿಗಳ, ಕಲಾವಿದರ ತೋಟದ ಮನೆಗಳನ್ನು ಜನರಿಗೆ ತೋರಿಸುತ್ತಿದ್ದರು. ಆಗ ಮೂಡಲಪಾಳ್ಯ ದಾಟಿದರೆ ಬರೀ ರಾಗಿ ಹೊಲ. ಸೇತುರಾಮಯ್ಯನವರ ತೋಟವಿದ್ದ ಕೆಂಗೇರಿಗೆ ಹೋಗುವುದೆಂದರೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೊರಡುವ ಪ್ರವಾಸ! ಮನೆ ಮನೆಯ ಕಥೆ ಹೇಳುವ ಕೆಲಸ ಸ್ಕೂಲ್ ಟೀಚರ್ ಕೋಕಿಲಾಳದು. ಇಪ್ಪತ್ತನಾಲ್ಕರ ಹುಡುಗಿ, ಬಾಯಿ ಬಿಟ್ಟರೆ ಅರಳು ಹುರಿದಂತೆ ಮಾತು.

ತೋಟ ಮಾರಿದ ಮಗನ ವಿಷಯ ಅವಳು ಯಾರಿಂದಲೋ ಕೇಳಿದ್ದು. ಅದಕ್ಕೊಂದಿಷ್ಟು ಒಗ್ಗರಣೆ ಹಾಕಿದ್ದಳು, ಅಷ್ಟೇ. ಜನ ಕಣ್ಣೊರೆಸಿಕೊಂಡಾಗ ಯಾವ ಮಾತುಗಾರ್ತಿಗೆ ಖುಷಿಯಾಗುವುದಿಲ್ಲ ಹೇಳಿ?

ಆ ಯುವಕ ಮುಂದಿನ ತಿಂಗಳೂ ಬಂದ. ಅದರ ಮುಂದಿನ ತಿಂಗಳೂ ಬಂದ. ಹೆಸರು ಚಕ್ರಪಾಣಿ, ವಿಜಯನಗರದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಇಷ್ಟನ್ನು ಅವನ ಬಾಯಿಂದ ಹೊರಡಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು.

"ಅದೇ ಮನೆ, ಅದೇ ಕಥೆ. ಬೇಜಾರಾಗಲ್ವಾ ನಿಮಗೆ?"

"ಸೇತುರಾಮಯ್ಯನವರು ಬಾವಿ ಗೋಡೆಗೆ ಕುಂಚ ಒರೆಸ್ತಿದ್ರು, ಹೆಂಡತಿ ಬೈದ್ರೆ ಮಗು ಥರ ನಗ್ತಿದ್ರು ಅಂತ ಹೇಳ್ತೀರಲ್ಲ... ಅದನ್ನ ಕೇಳೋಕೆ ಬರ್ತೀನಿ."

ಇವನು ಬರುವುದು ಕಥೆಗಾಗಿಯಾ... ನನಗಾಗಿಯಾ? ಎಂದುಕೊಂಡು ಕೋಕಿಲಾ ಬಸ್ಸಿನ ಕಿಟಕಿಯ ಕಡೆ ತಿರುಗಿ ನಕ್ಕಳು. ಆ ತಿಂಗಳಿಂದ ಅವಳಿಗೆ ಭಾನುವಾರವೇ ಹಬ್ಬ. ಅವನು ಬಸ್ಸು ಹತ್ತುವವರೆಗೂ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಹೌದು, ಅವಳು ಅವನನ್ನು ಪ್ರೀತಿಸುತ್ತಿದ್ದಳು. ಹೇಳಲು ಮಾತ್ರ ಆ ಮಾತಿನ ಮಲ್ಲಿಗೇ ನಾಲಿಗೆ ಹೊರಳುತ್ತಿರಲಿಲ್ಲ!

ತೋಟವನ್ನು ಕೊಂಡಿದ್ದ ಕಲ್ಯಾಣಮ್ಮ ಭಾನುವಾರ ಮಗಳ ಮನೆಗೆ ಹೋಗುವುದು ರೂಢಿ. ಒಂದು ಸಲ ಕಾಲು ನೋವೆಂದು ಮನೆಯಲ್ಲೇ ಉಳಿದರು. ಕೋಕಿಲಾ ಮಗನ ಕಥೆ ಮುಗಿಸಿ ನಿಟ್ಟುಸಿರು ಬಿಡುವುದಕ್ಕೂ ಅವರು ಹೊರಗೆ ಬರುವುದಕ್ಕೂ ಸರಿಹೋಯಿತು.

"ಅರೆ, ಚಕ್ರಪಾಣಿ! ನಿಮ್ಮಪ್ಪ ಹೋದ್ಮೇಲೆ ಈ ಕಡೆ ತಲೇನೇ ಹಾಕ್ಲಿಲ್ವಲ್ಲೋ!"

ಎಲ್ಲರೂ ತಿರುಗಿ ನೋಡಿದರು. ಆ ಮಗ... ಇವನೇ!

ಕೋಕಿಲಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆ ಉರಿಯಾಗಿ, ಉರಿ ಸಿಟ್ಟಾಗಿ ಹೊರಬಂತು.

"ಇಷ್ಟು ತಿಂಗಳು ನನ್ನ ತಮಾಷೆ ನೋಡ್ತಾ ಇದ್ರಾ?"

"ಛೆ, ಹಾಗಲ್ಲ ಕೋಕಿಲಾ..."

"ತೋಟಾನೂ ಮಾರಿ, ಈಗ ಅದೇ ತೋಟದಲ್ಲಿ ನಿಂತು ಕಣ್ಣೀರು ಬೇರೆ! ದಯವಿಟ್ಟು ಇನ್ನು ಬರಬೇಡಿ."

ಅವನು ರಸ್ತೆಗಿಳಿದು ನಡೆದುಬಿಟ್ಟ.

ಮುಂದಿನ ತಿಂಗಳು ಅವನು ಬರಲಿಲ್ಲ. ಕೋಕಿಲಾ ಬಾವಿಯ ಹತ್ತಿರ ನಿಂತಳು, ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಆ ಭಾನುವಾರವೂ ಮನೆಯಲ್ಲೇ ಉಳಿದಿದ್ದ ಕಲ್ಯಾಣಮ್ಮ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಟ್ಟರು.

"ಅವನನ್ನ ಬೈದು ಕಳಿಸಿದ್ಯಲ್ಲ, ನಿನಗೇನೇ ಗೊತ್ತು? ಸೇತುರಾಮಯ್ಯನವರಿಗೆ ಕಡೇಗೆ ಎರಡು ಕಣ್ಣೂ ಹೋಗಿತ್ತು."

"ಏನು?!"

"ಹೂವಿನ ವಾಸನೆ ಬರುತ್ತೆ, ಬಣ್ಣ ಕಾಣಲ್ಲ, ನನ್ನನ್ನ ಇಲ್ಲಿಂದ ಕರ್ಕೊಂಡ್ ಹೋಗಪ್ಪಾ ಅಂತ ನನ್ನೆದುರೇ ಮಗನ ಕೈ ಹಿಡ್ಕೊಂಡು ಅತ್ತುಬಿಟ್ರು. ಮಾರು ಅಂದಿದ್ದೂ ಅವರೇ. ಚಿತ್ರ ಬರೆಯೋನು ಕುರುಡ ಆದ ಅಂತ ಜನ ಆಡ್ಕೋಬಾರದು, ಯಾರಿಗೂ ಹೇಳ್ಬೇಡ ಅಂತ ಮಗನ ಹತ್ರ ಆಣೆ ಹಾಕಿಸ್ಕೊಂಡ್ರು. ನೀನೂ ಹೊರಗೆ ಬಾಯಿ ಬಿಡಬೇಡ."

ಕೋಕಿಲಾ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ತಿಂಗಳು ತಿಂಗಳೂ ಅವನನ್ನು ಜನರ ಮುಂದೆ ನಿಲ್ಲಿಸಿ ಉಗಿಸಿದೆನಲ್ಲ... ನನ್ನ ನಾಲಿಗೆಗೆ ಬೆಂಕಿ ಬೀಳ!

ಮರುದಿನ ಸಂಜೆ ಕಲ್ಯಾಣಮ್ಮ ಕೊಟ್ಟ ವಿಳಾಸ ಹಿಡಿದು ಸ್ಕೂಲಿನಿಂದ ನೇರ ವಿಜಯನಗರಕ್ಕೆ ಹೋದಳು. ಚಕ್ರಪಾಣಿ ಗೇಟಿನ ಹತ್ತಿರವೇ ಸಿಕ್ಕಿದ. ಅವಳನ್ನು ಕಂಡು ಗಾಬರಿಯಾದ.

"ಕಲ್ಯಾಣಮ್ಮ ಎಲ್ಲಾ ಹೇಳಿದ್ರು. ಆಣೆ ಇತ್ತು, ಸರಿ. ಆದ್ರೆ ಆ ಮಗ ನಾನೇ, ನನ್ನನ್ನ ಬೈಬೇಡಿ ಅಂತ ಒಂದು ಮಾತು ಹೇಳಬಹುದಿತ್ತಲ್ರೀ!"

ಅವನು ಗೇಟಿನ ಚಿಲಕ ತೆಗೆದ.

"ನೀವು ಹೇಳೋವಾಗ ಅಪ್ಪ ಅಲ್ಲೇ ಬಾವಿ ಹತ್ರ ಓಡಾಡ್ತಿರೋ ಹಾಗನ್ನಿಸ್ತಿತ್ತು. ಕೊನೇಲಿ ನನ್ನನ್ನ ಎರಡು ಮಾತು ಬೈತಿದ್ರಿ. ಅಷ್ಟು ತಾನೇ? ನಾನೇ ಮಗ ಅಂದಿದ್ರೆ ಸಂಕೋಚಕ್ಕೆ ನೀವು ಅಪ್ಪನ ಮಾತೇ ನಿಲ್ಲಿಸಿಬಿಡ್ತಿದ್ರಿ... ನನ್ನ ಜೊತೆ ಮಾತಾಡೋದೂ ನಿಲ್ಲಿಸ್ತಿದ್ರಿ."

ಅವಳ ಕಣ್ಣಿಂದ ಮತ್ತೆ ನೀರಿಳಿಯಿತು. "ಬರೋ ತಿಂಗಳು ಬನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ."

ಅವನು ಬಂದ. ಯಥಾಪ್ರಕಾರ ಎಲ್ಲರ ಹಿಂದೆ ನಿಂತ. ಕೋಕಿಲಾ ಸೇತುರಾಮಯ್ಯನವರ ನಗು, ಅವರ ನಾಗಸಂಪಿಗೆ ಮರ, ಕುಂಚ ಒರೆಸಿದ ಗೋಡೆ ಎಲ್ಲವನ್ನೂ ಹೇಳಿ ಅಲ್ಲಿಗೇ ನಿಲ್ಲಿಸಿದಳು.

ಬಿನ್ನಿಪೇಟೆಯಿಂದ ಬಂದಿದ್ದ ಇಂದ್ರಮ್ಮ ಬಿಡಬೇಕಲ್ಲ!

"ಅಷ್ಟೇನಾ? ತೋಟ ಮಾರಿದ ಮಗನ ಕಥೆ ತಪ್ಪದೆ ಕೇಳು ಅಂತ ನನ್ನ ತಂಗಿ ಹೇಳಿ ಕಳಿಸಿದಾಳೆ ಕಣಮ್ಮ. ಯಾಕೆ ಮಾರಿದ್ನಂತೆ ಆ ಪುಣ್ಯಾತ್ಮ?"

ಕೋಕಿಲಾ ಹಿಂದೆ ನಿಂತವನನ್ನು ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು.

"ಅದು ಆ ಮನೆಯವರ ವಿಷಯ ಕಣ್ರಮ್ಮ. ಮಗನ ಬಗ್ಗೆ ನಾನು ಇಷ್ಟು ದಿನ ಹೇಳಿದ್ದು ತಪ್ಪು. ಅಂಥಾ ಮಗ ಯಾವ ಅಪ್ಪನಿಗೂ ಸಿಗಲ್ಲ."

"ಅದು ನಿನಗೆ ಹೇಗೆ ಗೊತ್ತು?"

"ನಾನು ಅವರನ್ನ ಮದುವೆ ಆಗ್ತಾ ಇದೀನಿ!"

ಅಬ್ಬಾ! ಬಸ್ಸಿನವರೆಲ್ಲ ಹೋ ಎಂದರು. ಮದುಮಗನಿಗೇ ಈ ವಿಷಯ ಆಗ ತಾನೇ ತಿಳಿದದ್ದೆಂದು ಅವರಿಗೇನು ಗೊತ್ತು?

ಜನ ನಾಗಸಂಪಿಗೆಯ ಕಡೆ ಹೋದ ಮೇಲೆ ಅವನು ಮೆಲ್ಲಗೆ ಅವಳ ಹತ್ತಿರ ಬಂದ.

"ಕೋಕಿಲಾ... ಹೇಳಿದ್ದು ನಿಜಾನಾ?"

"ಬಾಯಿ ತಪ್ಪಿ ಬಂದ್ಬಿಡ್ತು," ಅವಳು ತಲೆ ಬಗ್ಗಿಸಿದಳು. "ಬೇಡ ಅಂದ್ರೆ ಈಗಲೇ ಹೇಳ್ಬಿಡಿ."

"ನಮ್ಮಮ್ಮ ಒಪ್ತಾರೆ. ಅಪ್ಪ ಇದ್ದು, ಅವರ ಕಣ್ಣೂ ಇದ್ದಿದ್ರೆ ಅನ್ನಿಸ್ತು... ನಿಮ್ಮನ್ನ ಕೂರಿಸಿ ಒಂದು ಚಿತ್ರ ಬರೆದಿರೋರು."

ಕೋಕಿಲಾ ಮೊದಲ ಸಲ ಅವನ ಕೈ ಹಿಡಿದಳು.

"ಬನ್ನಿ, ಬಾವಿ ಹತ್ರ ಹೋಗೋಣ. ಇವತ್ತು ನೀವು ಹೇಳಿ ಅಪ್ಪನ ಕಥೆ. ನಾನು ಕೇಳ್ತೀನಿ."