ಚಿಕ್ಕಯ್ಯನ ಲೋಟ

೧೯೫೬ರ ಜನವರಿ ಹನ್ನೊಂದು, ಬುಧವಾರ. ಬೆಳಗಿನ ಎಂಟೂವರೆಗೆ ಗುಂಡ್ಲುಪೇಟೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರು ತೆರಕಣಾಂಬಿಯ ಹಾರ್ಮೋನಿಯಂ ಮೇಷ್ಟ್ರು ಗುರುಮಲ್ಲಯ್ಯ. ಮೊದಲ ಬಸ್ಸು ಹಿಡಿದು ಬಂದಿದ್ದರು. ಪಂಚೆಯ ಮೇಲೆ ವಾಂತಿಯ ಕಲೆ ಒಣಗಿತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ.

“ನಮ್ಮ ರಾಜಾಪಾರ್ಟು ಸತ್ತೋದ ಸ್ವಾಮಿ. ಯಾರೋ ವಿಷ ಇಕ್ಬುಟ್ಟವ್ರೆ.”

ಸಬ್ ಇನ್ಸ್‌ಪೆಕ್ಟರ್ ಗಂಗಾಧರಸ್ವಾಮಿಗೆ ನಾಟಕದವರೆಂದರೆ ಅಷ್ಟಕ್ಕಷ್ಟೆ. ಒಬ್ಬನ ಪದ ಇನ್ನೊಬ್ಬ ಹಾಡಿದ, ಒಬ್ಬನ ಗದೆ ಇನ್ನೊಬ್ಬ ಮುರಿದ ಎಂದು ವರ್ಷಕ್ಕೆರಡು ಸಲ ಅವರ ತಂಟೆ ಠಾಣೆಗೆ ಬರುತ್ತಲೇ ಇತ್ತು. ಕೊಲೆಯ ದೂರು ಬಂದದ್ದು ಮಾತ್ರ ಇದೇ ಮೊದಲು. ಅವರು ಮೇಷ್ಟ್ರನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕೊಡಿಸಿ, ದೂರನ್ನು ತಾವೇ ಬರೆದುಕೊಂಡರು.

ಸತ್ತವನು ಕೆಳಗಿನ ಕೇರಿಯ ಚಿಕ್ಕಯ್ಯ, ಇಪ್ಪತ್ತೆರಡು ವರ್ಷದವನು. ಊರಿನ ನಾಟಕ ಮಂಡಳಿ ಈ ಸುಗ್ಗಿಗೆ, ಸಂಕ್ರಾಂತಿಯಿಂದ ಯುಗಾದಿಯೊಳಗೆ, ಮೂರು ನಾಟಕ ಆಡುವುದಿತ್ತು. ಮೊದಲನೆಯದು ‘ಚಂದ್ರಪ್ರಭ ಮಹಾರಾಜ’, ಹಾಡುಗಳೇ ತುಂಬಿದ ಆಟ. ರಾಜನ ಪಾತ್ರ ಎಂದೆಂದಿನಿಂದಲೂ ಮೇಲಿನ ಬೀದಿಯ ದೊಡ್ಡಮಲ್ಲಪ್ಪನದು. ಆದರೆ ಆತನ ಕಂಠ ಈಚೆಗೆ ಒಡೆದ ಮಡಕೆಯಾಗಿತ್ತು. ಗದ್ದೆಯಲ್ಲಿ ನೇಗಿಲು ಹಿಡಿದು ಹಾಡುತ್ತಿದ್ದ ಚಿಕ್ಕಯ್ಯನ ದನಿ ಕೇಳಿದ ಮೇಷ್ಟ್ರು ಅವನಿಗೇ ಪಾತ್ರ ಕೊಟ್ಟರು. ಅಷ್ಟೇ ಆಗಿದ್ದರೆ ಊರು ಗೊಣಗಿ ಸುಮ್ಮನಾಗುತ್ತಿತ್ತೇನೋ. ಮೊದಲ ಆಟದ ದಿನ ಕಿರೀಟ ಪೂಜೆ ಮಾಡುವುದು ಆ ಮಂಡಳಿಯ ಪದ್ಧತಿ. ಕಿರೀಟ ತೊಟ್ಟವನು ಸಿಂಹಾಸನದ ಮೇಲೆ ಕೂರಬೇಕು, ಉಳಿದ ಪಾತ್ರಧಾರಿಗಳೆಲ್ಲ ಅವನ ಕಾಲು ಮುಟ್ಟಿ ನಮಸ್ಕರಿಸಬೇಕು. ಮೇಲಿನ ಬೀದಿಯವರು ಕೇರಿಯವನ ಕಾಲು ಮುಟ್ಟುವುದೇ?

“ಮಂಗಳವಾರ ಸಂಜೆ ಪ್ರಾಕ್ಟೀಸಿನಲ್ಲಿ ಕಷಾಯ ಕುಡಿದ. ಎರಡು ಪದ ಹಾಡೋದ್ರಲ್ಲಿ ಹೊಟ್ಟೆ ಹಿಡ್ಕಂಡು ಬಿದ್ದ. ಬೆಳಕು ಹರಿಯೋಕೆ ಮುಂಚೆ ಜೀವ ಹೋಯ್ತು,” ಎಂದರು ಮೇಷ್ಟ್ರು. “ಆ ದನಿ ಇನ್ನೊಂದು ಹುಟ್ಟಲ್ಲ ಸ್ವಾಮಿ.”

ಐಪಿಸಿ ೩೦೨ರ ಕೆಳಗೆ ಎಫ್‌ಐಆರ್ ದಾಖಲಾಯಿತು. ದಫೇದಾರ್ ಮರಿಮಲ್ಲಪ್ಪನನ್ನೂ ಇಬ್ಬರು ಕಾನ್‌ಸ್ಟೇಬಲ್‌ಗಳನ್ನೂ ಕರೆದುಕೊಂಡು ಗಂಗಾಧರಸ್ವಾಮಿ ಹನ್ನೊಂದು ಗಂಟೆಗೆ ತೆರಕಣಾಂಬಿ ತಲುಪಿದರು.

ಕೇರಿಯಲ್ಲಿ ಒಲೆ ಹೊತ್ತಿರಲಿಲ್ಲ. ಹೆಣದ ಸುತ್ತ ಗಂಡಸರು ನಿಂತಿದ್ದರು. ಕೆಲವರ ಕೈಯಲ್ಲಿ ಕುಡುಗೋಲಿತ್ತು.

“ದೊಡ್ಡಮಲ್ಲಪ್ಪನ್ನ ಹಿಡೀರಿ ಬುದ್ಧಿ. ಹೊತ್ತು ಮುಳುಗೋದ್ರೊಳಗೆ ಹಿಡೀದಿದ್ರೆ ನಾವೇ ಓಗ್ತೀವಿ,” ಎಂದ ಒಬ್ಬ ಮುದುಕ.

ಅವರು ಹೋದರೆ ಮೇಲಿನ ಬೀದಿಯವರು ಸುಮ್ಮನಿರುವುದಿಲ್ಲ, ಬೆಳಗಾಗುವುದರೊಳಗೆ ಕೇರಿಯೇ ಉಳಿಯುವುದಿಲ್ಲ. ಅದನ್ನು ಗಂಗಾಧರಸ್ವಾಮಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಶವದ ಪಂಚನಾಮೆ ಬರೆಸುತ್ತ ಅವರು ಹೆಣದ ತಲೆಯ ಬಳಿ ಕೂತ ತಾಯಿಯನ್ನು ನೋಡಿದರು. ಹೆಸರು ರಾಚಮ್ಮ. ಗಂಡನಿಲ್ಲ, ಬೇರೆ ಮಕ್ಕಳಿಲ್ಲ. ಊರೆಲ್ಲ ದೊಡ್ಡಮಲ್ಲಪ್ಪನ ಹೆಸರು ಕೂಗುತ್ತಿದ್ದರೂ ಆಕೆ ಬಾಯಿ ಬಿಡಲಿಲ್ಲ. ದುಃಖಕ್ಕೆ ಬಾಯಿ ಕಟ್ಟಿದೆ ಎಂದುಕೊಂಡು ಅವರು ಶವವನ್ನು ಗುಂಡ್ಲುಪೇಟೆ ಆಸ್ಪತ್ರೆಗೆ ಗಾಡಿಯಲ್ಲಿ ಕಳಿಸಿದರು.

ಆಮೇಲೆ ಪ್ರಾಕ್ಟೀಸು ನಡೆಯುವ ನಾಟಕದ ಕೊಟ್ಟಿಗೆಗೆ ಹೋದರು. ಕಷಾಯದ ತಪ್ಪಲೆ ಒಳಗಿತ್ತು: ಮೆಣಸು, ಶುಂಠಿ, ಅತಿಮಧುರ. ಅಂದು ಬಂದ ಪಾತ್ರಧಾರಿಗಳೆಲ್ಲ ಅದೇ ತಪ್ಪಲೆಯಿಂದ ಕುಡಿದಿದ್ದರು, ಮೇಷ್ಟ್ರೂ ಕುಡಿದಿದ್ದರು. ಬಿದ್ದವನು ಒಬ್ಬನೇ.

“ಇವನು ಯಾವುದರಲ್ಲಿ ಕುಡೀತಿದ್ದ?”

ಮೇಷ್ಟ್ರು ತಲೆ ತಗ್ಗಿಸಿ ಹೊರಗೆ ಕರೆದೊಯ್ದರು. ಹೊರಗೋಡೆಯ ಗೂಡಿನಲ್ಲಿ ಅಲ್ಯುಮಿನಿಯಂ ಲೋಟವೊಂದಿತ್ತು. ಚಿಕ್ಕಯ್ಯ ಅದನ್ನು ಕೆಳಗೆ ಹಿಡಿಯಬೇಕು, ಮೇಷ್ಟ್ರು ಮೇಲಿನಿಂದ ಹುಯ್ಯಬೇಕು. ಒಳಗೆ ರಾಜ, ಹೊರಗೆ ಬಂದರೆ ಗೂಡಿನ ಲೋಟ. ಗಂಗಾಧರಸ್ವಾಮಿಗೆ ಮೈ ಉರಿಯಿತು. ತಾವು ಹುಟ್ಟಿದ ಮನೆಯಲ್ಲೂ ಅಂಥದೇ ಗೂಡಿತ್ತು ಎಂಬುದು ನೆನಪಾಗಿ ಇನ್ನಷ್ಟು ಉರಿಯಿತು.

ಲೋಟದ ತಳದಲ್ಲಿ ಬೆಲ್ಲ ಮೆತ್ತಿತ್ತು. ಕರಗದೆ ಉಳಿದ ಬೆಲ್ಲದಲ್ಲಿ ಕೆಂಪು ಪುಡಿ ಕಾಣುತ್ತಿತ್ತು. ಗೂಡಿನ ತುಂಬ ಸತ್ತ ಇರುವೆಗಳು. ಇಬ್ಬರು ಪಂಚರ ಮುಂದೆ ಲೋಟವನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಿದ್ದಾಯಿತು.

ಮಧ್ಯಾಹ್ನ ಮೂರಕ್ಕೆ ದೊಡ್ಡಮಲ್ಲಪ್ಪನನ್ನು ಚಾವಡಿಗೆ ಕರೆಸಿದರು. ತೋಳಿಗೆ ಬೆಳ್ಳಿ ಕಡಗ, ಮುಖದಲ್ಲಿ ಬಿಗುಮಾನ. ನಿಜ ಹೇಳಬೇಕೆಂದರೆ ಗಂಗಾಧರಸ್ವಾಮಿ ಅವನ ಕೈಗೆ ಮನಸ್ಸಿನಲ್ಲೇ ಬೇಡಿ ತೊಡಿಸಿ ಆಗಿತ್ತು.

“ರಾಜಾಪಾರ್ಟು ಕೈತಪ್ಪಿದ್ದಕ್ಕೆ ಸಿಟ್ಟಿತ್ತಾ?”

“ಇರದೇ ಇರ್ತದಾ? ಆ ಕೊಟ್ಟಿಗೆ ಕಟ್ಸಿದ್ದೇ ನಮ್ಮಪ್ಪ.”

“ಚಿಕ್ಕಯ್ಯನನ್ನ ಕೊಲ್ತೀನಿ ಅಂದಿದ್ದಿರಾ?”

“ಸಿಟ್ನಲ್ಲಿ ಮನ್ಸ ಏನೇನೋ ಅಂತನೆ.”

“ಅವನ ಲೋಟಕ್ಕೆ ಪುಡಿ ಹಾಕಿದ್ದು ನೀವು.”

ಕೊಲೆಯ ಮಾತೆತ್ತಿದಾಗ ಅಲುಗದವನು ಈಗ ಎದ್ದೇ ನಿಂತ. “ಏನ್ ಮಾತಾಡೀರಿ ಸಾಮಿ? ಆ ಕೇರಿಯವನ ಎಂಜಲು ಲೋಟ ನಾನು ಮುಟ್ಟೀನಾ?”

ಹೊರಗೆ ಬಂದಾಗ ಮರಿಮಲ್ಲಪ್ಪ ಮೀಸೆ ನೀವಿಕೊಂಡ. “ಸಾರ್, ಇಂಥ ಕೊಳಕು ಸಾಕ್ಷಿ ನಾನು ನೋಡೇ ಇಲ್ಲ. ಆದ್ರೂ ನಿಜ ಕಣ ಸಾರ್. ಅವನು ಮುಟ್ಟಕ್ಕಿಲ್ಲ.”

“ಮೇಲಿಂದ ಉದುರಿಸಿರಬಹುದು.”

“ಬೆಲ್ಲನ ಬೆರಳಲ್ಲಿ ಒತ್ತಿ ಮೆತ್ತವ್ರಲ್ಲ ಸಾರ್. ಎಡಗೈಲಿ ಲೋಟ ಹಿಡೀದೆ ಎಂಗೆ ಒತ್ತಾನು?”

ಹೌದು. ಮೇಲಿನ ಬೀದಿಯ ಯಾವ ಕೈಯೂ ಆ ಲೋಟ ಹಿಡಿಯುವುದಿಲ್ಲ. ವಿಷ ಹಾಕುವುದಕ್ಕೂ ಹಿಡಿಯುವುದಿಲ್ಲ. ಗಂಗಾಧರಸ್ವಾಮಿ ಮೇಷ್ಟ್ರ ಹತ್ತಿರ ಹೋದರು.

“ಕಷಾಯಕ್ಕೆ ಬೆಲ್ಲ ಹಾಕ್ತೀರಾ?”

“ಸೋಕಿಸಲ್ಲ ಸ್ವಾಮಿ. ಬೆಲ್ಲ ಕಫ. ಇವನಿಗೆ ಖಾರ ಆಗ್ತಿರಲಿಲ್ಲ, ಅವರವ್ವ ಲೋಟ ಬೆಳಗಿ ತಳಕ್ಕೆ ಚೂರು ಬೆಲ್ಲ ಮೆತ್ತಿ ಇಟ್ಟು ಹೋಗ್ತಿದ್ಲು. ನಾನು ಕಂಡೂ ಕಾಣದಂಗಿದ್ದೆ.”

“ಅವಳು ಇಲ್ಲಿಗೆ ಬರ್ತಾಳಾ?”

“ಅಂಗಳ ಗುಡಿಸೋಳೇ ರಾಚಮ್ಮ.”

ಗಂಗಾಧರಸ್ವಾಮಿಗೆ ಮುಂದಿನ ಪ್ರಶ್ನೆ ಕೇಳುವುದೇ ಬೇಡವೆನ್ನಿಸಿತು. ಆದರೂ ಕೇಳಿದರು. ಕೆಂಪು ಪುಡಿ ಈ ಕೊಟ್ಟಿಗೆಯಲ್ಲಿ ಎಲ್ಲಿದೆ?

ಮೇಷ್ಟ್ರು ಬಣ್ಣದ ಪೆಟ್ಟಿಗೆ ತೆರೆದರು. ಮುಚ್ಚಳದ ಡಬ್ಬಿಯಲ್ಲಿ ಮುಖಕ್ಕೆ ಬಳಿಯುವ ಸಿಂಧೂರ. ಪಕ್ಕದಲ್ಲಿ ಕಾಗದದ ಪೊಟ್ಟಣ, ಅದರಲ್ಲೂ ಕೆಂಪು ಪುಡಿಯೇ. ದೇವರು ಪ್ರತ್ಯಕ್ಷವಾಗುವಾಗ ರಂಗದ ಮೇಲೆ ಢಮ್ಮೆನ್ನಿಸುವ ಮದ್ದಿಗೆ ಬೆರೆಸುವ ಮಣಿಶಿಲೆ ಅದು, ಪಾಷಾಣದ ಜಾತಿ. ಪೊಟ್ಟಣದ ಒಂದು ಮೂಲೆ ಹರಿದಿತ್ತು. ಸೋಮವಾರ ಪೆಟ್ಟಿಗೆ, ಪೋಷಾಕು ಎಲ್ಲವನ್ನೂ ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದರು. ಆಸ್ಪತ್ರೆಯಿಂದ ಬಂದ ಕಾನ್‌ಸ್ಟೇಬಲ್ ಡಾಕ್ಟರ ಚೀಟಿ ತಂದ. ಪಾಷಾಣದ ಲಕ್ಷಣ ಎಂದೇ ಅದರಲ್ಲೂ ಇತ್ತು. ಕರುಳು ಮತ್ತು ಲೋಟವನ್ನು ಬೆಂಗಳೂರಿನ ಪರೀಕ್ಷೆಗೆ ಕಳಿಸಬೇಕಿತ್ತು.

ಸಂಜೆ ಐದಕ್ಕೆ ಗಂಗಾಧರಸ್ವಾಮಿ ಗುಡಿಸಲಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತರು. ರಾಚಮ್ಮ ಒಳಗೆ ಗೋಡೆಗೆ ಒರಗಿದ್ದಳು.

“ಲೋಟಕ್ಕೆ ಬೆಲ್ಲ ಮೆತ್ತಿದ್ದು ನೀನೇನಮ್ಮ?”

“ನಾನೇ ಬುದ್ಧಿ.”

“ಅದರೊಳಗೆ?”

ಆಕೆ ಸೆರಗಿನ ಗಂಟು ಬಿಚ್ಚಿ ಮುಂದೆ ಹಿಡಿದಳು. ಚಿಟಿಕೆ ಕೆಂಪು ಪುಡಿ ಉಳಿದಿತ್ತು. ಪೊಲೀಸರ ಮುಂದೆ ಹೇಳಿದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಆಕೆಯೇ ತೋರಿಸಿದ ಪುಡಿ ನಿಲ್ಲುತ್ತದೆ. ಮರಿಮಲ್ಲಪ್ಪ ಪಂಚರನ್ನು ಕೂಗಿದ.

“ಇದು ಏನು ಅಂತ ತಿಳ್ಕಂಡಿದ್ದೆ?”

“ಸಿಂಧೂರ ಕಣ ಬುದ್ಧಿ. ಸಿಂಧೂರ ಒಟ್ಟೆಗೆ ಓದ್ರೆ ಪದ ಆಡೋರ ಗಂಟ್ಲು ಕಟ್ಟೋಯ್ತದ ಅಂತ ಎಲ್ರಿಗೂ ಗೊತ್ತಲ್ವಾ? ಗಂಟ್ಲು ಓದ್ರೆ ಪಾರ್ಟು ಓಯ್ತದ. ಪಾರ್ಟು ಓದ್ರೆ ಮಗ ಉಳೀತನ ಅಂದ್ಕಂಡೆ.”

“ಯಾರು ಕೊಲ್ತಿದ್ರು ಅವನನ್ನ?”

“ದೊಡ್ಡಮಲ್ಲಪ್ಪೋರು ಇಲ್ಗೇ ಬಂದಿದ್ರು. ನಿನ್ ಮಗ ಸಿಮ್ಮಾಸನದ ಮ್ಯಾಲೆ ಕುಂತಿದ್ದೇ ಆದ್ರೆ ಜೀವಸಹಿತ ಇಳಿಯಕ್ಕಿಲ್ಲ ಅಂದ್ರು. ಇವರಪ್ಪ ಮೇಲಿನ ಬೀದೀಲಿ ಎಕ್ಕಡ ಮೆಟ್ಕಂಡ್ ಓದ ಅಂತ ಒಡುದ್ರು ಬುದ್ಧಿ. ಮೂರ್ ದಿನ ಇದ್ದು ಸತ್ತ. ಆಗ್ಲೂ ಇಂಗೇ ಮೊದ್ಲು ಬಂದು ಏಳಿ ಆಮೇಲೆ ಮಾಡಿದ್ರು.”

“ಮಗನಿಗೆ ಹೇಳಲಿಲ್ವಾ?”

“ಕಾಲಿಡ್ಕಂಡೆ. ಒಂದ್ಸಲ ಕುಂತ್ಕಬುಡ್ತೀನಿ ಅವ್ವ, ಒಂದೇ ಸಲ, ಅಂದ.”

ಗಂಗಾಧರಸ್ವಾಮಿ ಎದ್ದು ಆಕೆಯನ್ನು ದಸ್ತಗಿರಿ ಮಾಡಿರುವುದಾಗಿ ಹೇಳಿದರು. ಕೈಗೆ ಬೇಡಿ ಹಾಕಿಸಲಿಲ್ಲ.

ಸುದ್ದಿ ತಿಳಿದ ಕೇರಿ ಕುಡುಗೋಲನ್ನು ಸೂರಿಗೆ ಸಿಕ್ಕಿಸಿ ಬಾಗಿಲು ಹಾಕಿಕೊಂಡಿತು. ದೊಡ್ಡಮಲ್ಲಪ್ಪನ ಮೇಲೆ ಬೆದರಿಕೆಯ ಮೊಕದ್ದಮೆ ಹಾಕಲು ಗಂಗಾಧರಸ್ವಾಮಿ ಸಾಕ್ಷಿಗಾಗಿ ಕೇರಿಯ ಮನೆಮನೆಗೂ ಹೋದರು. ಬೆಳಿಗ್ಗೆ ಕೂಗಿದ್ದ ಮುದುಕನೂ “ನಾನು ಕಿವುಡ ಬುದ್ಧಿ” ಎಂದ. ಮೇಷ್ಟ್ರು ಹಾರ್ಮೋನಿಯಂ ಕಟ್ಟಿಕೊಂಡು ಊರು ಬಿಟ್ಟರು. ಚಾಮರಾಜನಗರದಿಂದ ಬೇರೊಬ್ಬ ಮೇಷ್ಟ್ರು ಬಂದರು. ನಾಟಕ ಗೊತ್ತುಮಾಡಿದ ದಿನವೇ ನಡೆಯಿತು, ದೊಡ್ಡಮಲ್ಲಪ್ಪನೇ ಸಿಂಹಾಸನದ ಮೇಲೆ ಕೂತ.

ದಸ್ತಗಿರಿಯಾದ ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ರಿಮ್ಯಾಂಡಿಗೆ ಕರೆದೊಯ್ಯುವಾಗ ರಾಚಮ್ಮ ಠಾಣೆಯ ಮೆಟ್ಟಿಲ ಮೇಲೆ ನಿಂತಳು. “ಒಂದ್ ಮಾತು ಕೇಳ್ಲಾ ಬುದ್ಧಿ?” ಎಂದಳು. “ಬರೀ ಗಂಟ್ಲು ಓಗಕ್ಕೆ ಎಷ್ಟು ಆಕ್ಬೇಕಿತ್ತು?”

ಗಂಗಾಧರಸ್ವಾಮಿ ರಿಮ್ಯಾಂಡಿನ ಕಾಗದ ಮಡಚಿ ಜೇಬಿಗಿಟ್ಟು ಮೆಟ್ಟಿಲಿಳಿದರು.

ಆರೋಪಪಟ್ಟಿಯಲ್ಲಿ ಕೃತ್ಯದ ಉದ್ದೇಶ ಎಂಬ ಕಡೆ ಅವರು ಬರೆದದ್ದು ಇಷ್ಟು: ಮಗನ ಪ್ರಾಣ ಉಳಿಸಿಕೊಳ್ಳುವುದು. ಮೈಸೂರಿನ ಮೇಲಧಿಕಾರಿ ಅದರ ಕೆಳಗೆ ಗೆರೆ ಎಳೆದು, ಕೈತಪ್ಪಿನಿಂದ ಬರೆದಂತಿದೆ, ತಿದ್ದಿ ಕಳಿಸಿ ಎಂದು ಹಿಂತಿರುಗಿಸಿದರು. ಗಂಗಾಧರಸ್ವಾಮಿ ಇನ್ನೊಂದು ಹಾಳೆ ತೆಗೆದುಕೊಂಡು ಅದೇ ಮಾತನ್ನು ಮತ್ತೆ ಬರೆದು ಕಳಿಸಿದರು.